ವಿಂಡ್‌ಸರ್ಫ್ ಬೋರ್ಡಿನ ಫಿನ್ ಬಾಕ್ಸ್ ಒಡೆದರೆ: ಒಳಗೆ ಏನಾಗಿರುತ್ತದೆ, ಸರಿಮಾಡುವುದು ಹೇಗೆ

ಸಸಿಹಿತ್ಲು ಅಳಿವೆಯಲ್ಲಿ ಇಳಿತದ ಹೊತ್ತು. ಮಧ್ಯಾಹ್ನದ ಪಡುಗಾಳಿ ಚೆನ್ನಾಗಿ ಬೀಸುತ್ತಿತ್ತು, ಬೋರ್ಡು ವೇಗ ಹಿಡಿದಿತ್ತು. ನೀರಿನಡಿ ಮರಳು ದಿಣ್ಣೆ ಇದ್ದದ್ದು ನನಗೆ ಕಾಣಲಿಲ್ಲ. ಟಕ್ ಅಂತ ಒಂದು ಸದ್ದು. ಬೋರ್ಡು ನಿಂತಿತು, ನಾನು ಪಟದ ಮೇಲೆ ಹೋಗಿ ಬಿದ್ದೆ.

ದಡಕ್ಕೆ ಎಳೆದು ಮಗುಚಿ ನೋಡಿದರೆ ಫಿನ್, ಅಂದರೆ ಅಡಿಯಲ್ಲಿ ಇಳಿದಿರುವ ರೆಕ್ಕೆ, ಗಟ್ಟಿಯಾಗಿಯೇ ಇತ್ತು. ಅದು ಕೂರುವ ಬಾಕ್ಸಿನ ಹಿಂದಿನ ತುದಿಯಲ್ಲಿ ಮಾತ್ರ ಕೂದಲೆಳೆಯಷ್ಟು ತೆಳುವಾದ ಬಿರುಕು, ಎರಡು ಇಂಚು ಉದ್ದ. ಸ್ವಲ್ಪ ಎಂ-ಸೀಲ್ ಒತ್ತಿದರೆ ಸಾಕು ಅನಿಸಿತು. ಸುಮ್ನೆ ಹೆಬ್ಬೆರಳಿನಿಂದ ಬಿರುಕಿನ ಪಕ್ಕ ಒತ್ತಿದೆ. ಮೂರು ಹನಿ ನೀರು ಹೊರಗೆ ಬಂತು. ಬೆರಳು ತೆಗೆದೆ. ಹನಿಗಳು ವಾಪಸ್ ಒಳಗೆ ಹೋದವು.

ಆ ಮೂರು ಹನಿ ನೋಡಿದ ಮೇಲೆಯೇ ನಾನು ಈ ವಿಷಯವನ್ನು ಬುಡದಿಂದ ಕಲಿತದ್ದು. ಈಗ ನಮ್ಮ ಕರಾವಳಿಯಲ್ಲೂ, ಕೊಲ್ಲಿ ದೇಶಗಳಲ್ಲಿ ಯೂರೋಪಿನಲ್ಲಿ ಇರುವ ನಮ್ಮವರಲ್ಲೂ ಸೆಕೆಂಡ್ ಹ್ಯಾಂಡ್ ಬೋರ್ಡ್ ಕೊಂಡವರು ಇದ್ದಾರೆ. ಹಳೆ ಬೋರ್ಡಿನಲ್ಲಿ ಮೊದಲು ಕೈಕೊಡುವ ಜಾಗಗಳಲ್ಲಿ ಫಿನ್ ಬಾಕ್ಸ್ ಒಂದು. ಆದ್ದರಿಂದ ಏನೂ ಗೊತ್ತಿಲ್ಲದವರಿಗೂ ಅರ್ಥವಾಗುವ ಹಾಗೆ ಮೊದಲಿನಿಂದ ಹೇಳುತ್ತೇನೆ.

ಫಿನ್ ಯಾಕೆ ಬೇಕು

ವಿಂಡ್‌ಸರ್ಫಿಂಗ್ ಅಂದರೆ ಹಲಗೆಯ ಮೇಲೆ ನಿಂತು, ಪಟವನ್ನು ಕೈಯಲ್ಲೇ ಹಿಡಿದು, ಗಾಳಿಯ ಬಲದಿಂದ ನೀರಿನ ಮೇಲೆ ಓಡುವ ಆಟ. ಅಮೆರಿಕದಲ್ಲಿ 1964ರಲ್ಲಿ ನ್ಯೂಮನ್ ಡಾರ್ಬಿ ಇಂಥ ಒಂದು ಹಲಗೆ ಮಾಡಿದ್ದರು. ಆಮೇಲೆ ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ 1968ರಲ್ಲಿ ತಮ್ಮ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದರು. 1984ರಲ್ಲಿ ಇದು ಒಲಿಂಪಿಕ್ಸ್ ಸೇರಿತು. 2023ರಲ್ಲಿ ಚೀನಾದಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಇಬಾದ್ ಅಲಿ ಇದರಲ್ಲೇ ಕಂಚು ಗೆದ್ದರು.

ಪಟಕ್ಕೆ ಗಾಳಿ ಬಡಿದಾಗ ಅದು ಬೋರ್ಡನ್ನು ಮುಂದಕ್ಕಷ್ಟೇ ಅಲ್ಲ, ಪಕ್ಕಕ್ಕೂ ತಳ್ಳುತ್ತದೆ. ತಡೆಯುವುದು ಏನೂ ಇಲ್ಲದಿದ್ದರೆ ಬೋರ್ಡು ನೀರಿನ ಮೇಲೆ ಬಾಳೆ ಎಲೆಯಂತೆ ಅಡ್ಡಡ್ಡ ಜಾರುತ್ತದೆ. ಹಿಂಭಾಗದಲ್ಲಿ, ನೀರಿನೊಳಗೆ ಮೀನಿನ ರೆಕ್ಕೆಯ ಹಾಗೆ ಇಳಿದಿರುವ ಫಿನ್ ಆ ಜಾರುವಿಕೆಯನ್ನು ತಡೆದು ಹಿಡಿಯುತ್ತದೆ. ಇದು ದೋಣಿಯ ಚುಕ್ಕಾಣಿಯಂತೆ ತಿರುಗುವುದಿಲ್ಲ. ದಿಕ್ಕು ಬದಲಿಸುವುದು ಪಟ ಬಾಗಿಸಿ, ಪಾದದಿಂದ ಬೋರ್ಡು ವಾಲಿಸಿ. ಫಿನ್ನಿನ ಕೆಲಸ ಅಲುಗಾಡದೆ ನಿಲ್ಲುವುದು.

ಫಿನ್ ಬಿಚ್ಚಿ ಹಾಕುವ ಹಾಗಿರಬೇಕು. ಗಾಳಿ ಕಡಿಮೆ ಇದ್ದಾಗ ದೊಡ್ಡ ಪಟ, ಉದ್ದ ಫಿನ್. ಜಾಸ್ತಿ ಇದ್ದಾಗ ಸಣ್ಣದು. ಅದಕ್ಕಾಗಿ ಬೋರ್ಡಿನ ಅಡಿಯಲ್ಲಿ ಒಂದು ಗೂಡು ಕೂರಿಸಿರುತ್ತಾರೆ. ಆ ಗೂಡೇ ಫಿನ್ ಬಾಕ್ಸ್.

ಬೋರ್ಡಿನ ಹೊಟ್ಟೆಯಲ್ಲಿ ಥರ್ಮಾಕೋಲ್

ಹೊರಗಿನಿಂದ ಬೋರ್ಡು ಕಲ್ಲಿನ ಹಾಗೆ ಗಟ್ಟಿ. ಒಳಗೆ ಇರುವುದು ಟಿವಿ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಅದೇ ಜಾತಿಯ ಥರ್ಮಾಕೋಲ್. ಬೋರ್ಡು ಹಗುರ ಇರಬೇಕು, ತೇಲಬೇಕು ಅಂತ ಅದನ್ನು ಬಳಸುತ್ತಾರೆ. ಅದರ ಸುತ್ತ ತೆಳುವಾದ ಗಟ್ಟಿ ಫೋಮ್ ಹಾಳೆ. ಆ ಹಾಳೆಯ ಒಳಗೂ ಹೊರಗೂ ಗಾಜಿನ ನಾರಿನ ಬಟ್ಟೆ ಅಥವಾ ಕಾರ್ಬನ್ ಬಟ್ಟೆ. ಎಲ್ಲವನ್ನೂ ಹಿಡಿದಿರುವ ಅಂಟು ಎಪಾಕ್ಸಿ. ಬೋರ್ಡಿನ ಬಲ ಎಲ್ಲಾ ಈ ಹೊರಪದರದಲ್ಲಿದೆ. ಮೊಟ್ಟೆ ಗಟ್ಟಿ ಅನಿಸುವುದು ಚಿಪ್ಪಿನಿಂದ, ಲೋಳೆಯಿಂದ ಅಲ್ಲ.

ಈಗ ಮಣ್ಣಿನ ಗೋಡೆಗೆ ಕೂರಿಸಿದ ಬಾಗಿಲ ಚೌಕಟ್ಟನ್ನು ನೆನಪಿಸಿಕೊಳ್ಳಿ. ದಿನವೂ ಬಾಗಿಲು ಬಡಿಯುತ್ತದೆ. ಪೆಟ್ಟು ಬೀಳುವುದು ಚೌಕಟ್ಟಿಗೆ. ಚೌಕಟ್ಟು ಗೋಡೆಯನ್ನು ಬಿಗಿಯಾಗಿ ಹಿಡಿದಿದ್ದರೆ ಆ ಪೆಟ್ಟು ಇಡೀ ಗೋಡೆಗೆ ಹಂಚಿಹೋಗುತ್ತದೆ. ಚೌಕಟ್ಟು ಸಡಿಲವಾದರೆ ಗೋಡೆಯ ಗಾರೆಯಲ್ಲಿ ಬಿರುಕು ಬರುತ್ತದೆ. ಬಿರುಕಿಗೆ ಪುಟ್ಟಿ ಬಳಿದು ಬಣ್ಣ ಹೊಡೆದರೆ ವಾರದಲ್ಲಿ ಮತ್ತೆ ಬಿರುಕು. ಯಾಕೆಂದರೆ ಸಡಿಲವಾದದ್ದು ಚೌಕಟ್ಟು, ಗಾರೆ ಅಲ್ಲ.

ಫಿನ್ ಬಾಕ್ಸ್ ಆ ಚೌಕಟ್ಟು. ಥರ್ಮಾಕೋಲ್ ಆ ಮಣ್ಣಿನ ಗೋಡೆ. ಫಿನ್ನಿನ ಬಲ ಬಾಕ್ಸಿಗೆ, ಬಾಕ್ಸಿನಿಂದ ಅಡಿ ಪದರಕ್ಕೂ ನಾವು ನಿಲ್ಲುವ ಮೇಲ್ಪದರಕ್ಕೂ ಹೋಗಬೇಕು. ಈ ಮೇಲ್ಭಾಗಕ್ಕೆ ಡೆಕ್ ಅನ್ನುತ್ತಾರೆ. ರಿಪೇರಿ ಅಂದರೆ ಬಲ ಹೋಗುವ ಈ ದಾರಿಯನ್ನು ಮತ್ತೆ ಕಟ್ಟುವುದು. ಬಿರುಕು ಮುಚ್ಚುವುದು ಅದರ ಒಂದು ಸಣ್ಣ ಭಾಗ ಅಷ್ಟೇ.

ನಿಮ್ಮ ಬೋರ್ಡಿನಲ್ಲಿರುವುದು ಯಾವ ಬಾಕ್ಸ್

ಯುಎಸ್ ಬಾಕ್ಸ್ ಒಂದು ಉದ್ದನೆಯ ಸೀಳು. ಫಿನ್ನನ್ನು ಅದರಲ್ಲಿ ಹಿಂದೆ ಮುಂದೆ ಸರಿಸಿ, ಒಂದು ಸಣ್ಣ ಲೋಹದ ಬಿಲ್ಲೆಗೆ ಸ್ಕ್ರೂ ಬಿಗಿಯುತ್ತಾರೆ. ಅಲೆಗಳ ಮೇಲೆ ಆಡುವ ಬೋರ್ಡುಗಳಲ್ಲಿ, ನಿಂತು ಹುಟ್ಟು ಹಾಕುವ ಎಸ್‌ಯುಪಿ ಬೋರ್ಡುಗಳಲ್ಲಿ ಇದು ಜಾಸ್ತಿ. ಪವರ್ ಬಾಕ್ಸ್‌ನಲ್ಲಿ ಡೆಕ್ ಕಡೆಯಿಂದ ಒಂದೇ ಬೋಲ್ಟ್ ಇಳಿದು ಫಿನ್ನನ್ನು ಮೇಲಕ್ಕೆ ಎಳೆದು ಹಿಡಿಯುತ್ತದೆ. ಟಟಲ್ ಬಾಕ್ಸ್‌ನಲ್ಲಿ ಎರಡು ಬೋಲ್ಟ್. ಕ್ಯಾಲಿಫೋರ್ನಿಯಾದ ಲ್ಯಾರಿ ಟಟಲ್ ಅವರ ಹೆಸರೇ ಇದಕ್ಕೆ ಬಂದಿದೆ. ವೇಗದ ರೇಸ್ ಬೋರ್ಡುಗಳಿಗೆ ಇದರದ್ದೇ ಇನ್ನೂ ಆಳದ ಡೀಪ್ ಟಟಲ್ ಇದೆ.

ಟಟಲ್ ಬಾಕ್ಸಿನ ಗುಟ್ಟು ಅದರ ಇಳಿಜಾರಿನಲ್ಲಿದೆ. ಬಾಯಿ ಅಗಲ, ಒಳಗೆ ಹೋದ ಹಾಗೆ ಕಿರಿದು. ಪಿಕಾಸಿಯ ಕಾವು ಹೇಗೆ ತುದಿಯಲ್ಲಿ ದಪ್ಪ ಇರುತ್ತದೋ ಹಾಗೆ. ಪಿಕಾಸಿ ಬೀಸಿದಷ್ಟೂ ತಲೆ ಕಾವಿನ ದಪ್ಪ ತುದಿಗೆ ಬಿಗಿಯಾಗಿ ಕೂರುತ್ತದೆ ಅಲ್ವಾ? ಇಲ್ಲಿ ಫಿನ್ನಿನ ಬುಡವೇ ಬೆಣೆ. ಬೋಲ್ಟ್ ಆ ಬೆಣೆಯನ್ನು ಬಾಕ್ಸಿನೊಳಗೆ ಎಳೆದು ಕೂರಿಸುತ್ತದೆ, ಹಿಡಿತ ಬರುವುದು ಇಳಿಜಾರಿನ ಗೋಡೆಗಳಿಂದ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಿರುಕು ಕಂಡ ಜಾಗ, ಪೆಟ್ಟು ಬಿದ್ದ ಜಾಗ

ಮೊಳೆ ಕೀಳುವಾಗ ಉದ್ದನೆಯ ಹಿಡಿ ಇರುವ ಸುತ್ತಿಗೆ ತೆಗೆದುಕೊಳ್ಳುತ್ತೇವೆ. ಹಿಡಿ ಉದ್ದ ಇದ್ದಷ್ಟೂ ಮೊಳೆಯ ಮೇಲೆ ಬೀಳುವ ಬಲ ಜಾಸ್ತಿ. ಫಿನ್ನೂ ಅಂಥ ಒಂದು ಮೀಟುಗೋಲು.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಫಿನ್ 40 ಸೆಂಟಿಮೀಟರ್ ಉದ್ದ, ಪಕ್ಕದಿಂದ 30 ಕಿಲೋದಷ್ಟು ಒತ್ತಡ ಅದರ ನಡುಭಾಗಕ್ಕೆ ಬೀಳುತ್ತಿದೆ. ಬಾಕ್ಸಿನೊಳಗೆ ಅದನ್ನು ಎದುರಿಸಲು ಸಿಗುವ ಆಳ 5 ಸೆಂಟಿಮೀಟರ್. 20 ಸೆಂಟಿಮೀಟರ್ ದೂರದ 30 ಕಿಲೋವನ್ನು 5 ಸೆಂಟಿಮೀಟರಿನಲ್ಲಿ ತಡೆಯಬೇಕು ಅಂದರೆ ಬಾಕ್ಸಿನ ಗೋಡೆಗೆ ಬೀಳುವುದು ನಾಲ್ಕು ಪಟ್ಟು, 120 ಕಿಲೋ. ಇದು ಸುಮ್ಮನೆ ಸಾಗುವಾಗಿನ ಮಾತು. ಮರಳಿಗೋ ಬಂಡೆಗೋ ಬಡಿದಾಗ ಇದರ ಎಷ್ಟೋ ಪಟ್ಟು ಒಂದೇ ಕ್ಷಣದಲ್ಲಿ ಬೀಳುತ್ತದೆ.

ಬಡಿದಾಗ ಫಿನ್ನಿನ ತುದಿ ಹಿಂದಕ್ಕೆ ತಳ್ಳಲ್ಪಡುತ್ತದೆ. ಬಾಕ್ಸಿನ ಬಾಯಿಯ ಹಿಂಬದಿ ಅಂಚು ಆನಿಕೆಯಾಗುತ್ತದೆ. ಆಗ ಬಾಕ್ಸಿನ ಆಳದಲ್ಲಿರುವ ಫಿನ್ನಿನ ಬುಡ ಏನು ಮಾಡುತ್ತದೆ? ಮುಂದಕ್ಕೆ ನುಗ್ಗುತ್ತದೆ. ಅಂದರೆ ಅಡಿಯಲ್ಲಿ ಬಿರುಕು ಕಾಣುವುದು ಬಾಕ್ಸಿನ ಹಿಂದೆ. ಕಣ್ಣಿಗೆ ಕಾಣದ ಇನ್ನೊಂದು ಪೆಟ್ಟು ಬಾಕ್ಸಿನ ಮುಂದೆ, ಡೆಕ್ಕಿನ ಹತ್ತಿರ. ನನ್ನ ಬೋರ್ಡಿನಲ್ಲೂ ಹೀಗೇ ಆಗಿತ್ತು. ಡೆಕ್ಕಿನ ಮೇಲಿನ ರಬ್ಬರ್ ಪ್ಯಾಡನ್ನು ಒಂದು ಮೂಲೆಯಲ್ಲಿ ಎಬ್ಬಿಸಿ ನೋಡಿದಾಗ ಬೋಲ್ಟಿನ ತೂತಿನಿಂದ ಮುಂದಕ್ಕೆ ಹೊರಟ ಇನ್ನೊಂದು ಗೆರೆ ಸಿಕ್ಕಿತು. ಅಡಿಯ ಬಿರುಕು ಮಾತ್ರ ಮುಚ್ಚಿದ್ದರೆ ನೀರು ಅಲ್ಲಿಂದ ಇಳಿಯುತ್ತಲೇ ಇರುತ್ತಿತ್ತು.

ಬೇರೆ ಕಾರಣಗಳೂ ಇವೆ. ಬೋಲ್ಟನ್ನು ಮೈಮೇಲೆ ಬಂದವರ ಹಾಗೆ ಬಿಗಿದರೆ ಬೆಣೆ ಬಾಕ್ಸನ್ನು ಸೀಳುತ್ತದೆ. ಬುಡ ಸಡಿಲವಾದ ಫಿನ್ ಒಳಗೆ ಕುಟ್ಟುತ್ತಾ ಗೋಡೆ ಸವೆಸುತ್ತದೆ. ಇನ್ನೊಂದು, ಫಾಯಿಲ್. ನೀರಿನೊಳಗೆ ಉದ್ದ ಕಂಬ, ಅದರ ತುದಿಗೆ ವಿಮಾನದಂಥ ರೆಕ್ಕೆ. ಬೋರ್ಡು ನೀರಿನಿಂದ ಮೇಲೆದ್ದು ಹಾರುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿಂಡ್‌ಸರ್ಫಿಂಗ್ ನಡೆದದ್ದು ಇಂಥ ಐಕ್ಯೂಫಾಯಿಲ್ ಬೋರ್ಡುಗಳಲ್ಲೇ. ಅದನ್ನು ನೋಡಿ ಹಳೆ ಬೋರ್ಡಿಗೆ ಫಾಯಿಲ್ ಹಾಕುವ ಆಸೆ ಎಷ್ಟೋ ಜನಕ್ಕೆ ಬರುತ್ತದೆ. ಫಾಯಿಲಿನ ಕಂಬ ಮೀಟುಗೋಲಾಗಿ ಫಿನ್ನಿಗಿಂತ ಎರಡು ಪಟ್ಟು ಉದ್ದ. ಅದಕ್ಕೆಂದೇ ಬಲಪಡಿಸದ ಬಾಕ್ಸ್ ಅದನ್ನು ತಾಳುವುದಿಲ್ಲ. ಬೋರ್ಡು ತಯಾರಿಸಿದವರು ಫಾಯಿಲಿಗೆ ಆಗುತ್ತದೆ ಅಂತ ಹೇಳಿದ್ದರೆ ಮಾತ್ರ ಹಾಕಬೇಕು.

ಮೊದಲು ನೀರು, ಆಮೇಲೆ ಅಂಟು

ಥರ್ಮಾಕೋಲಿನ ಒಂದೊಂದು ಕಾಳೂ ನೀರು ಹೀರುವುದಿಲ್ಲ. ಆದರೆ ಕಾಳು ಕಾಳಿನ ನಡುವೆ ಸಂದಿ ಇದೆ. ನೀರು ಆ ಸಂದಿಗಳಲ್ಲಿ ಹಬ್ಬುತ್ತದೆ. ಮುತ್ತಿಗೆ ಹಾಕಿದ ಹಾಗೆ ಅಲ್ಲೇ ಕೂತುಬಿಡುತ್ತದೆ. ಒದ್ದೆ ಇರುವಾಗಲೇ ಬಿರುಕು ಮುಚ್ಚಿದರೆ ಎರಡು ತೊಂದರೆ. ಒದ್ದೆ ಮೇಲ್ಮೈಗೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ. ಹಾಗೂ ಒಳಗಿನ ನೀರು ಬಿಸಿಲಿಗೆ ಆವಿಯಾಗಿ ಹೊರಪದರವನ್ನು ಥರ್ಮಾಕೋಲಿನಿಂದ ಬಿಡಿಸುತ್ತದೆ. ಹೀಗೆ ಪದರ ಬಿಟ್ಟ ಬೋರ್ಡು ಒತ್ತಿದರೆ ಮೆತ್ತಗೆ ಆಗುತ್ತದೆ. ಆ ರಿಪೇರಿ ಬಾಕ್ಸ್ ರಿಪೇರಿಗಿಂತ ಕಷ್ಟ.

ನೀರು ಎಷ್ಟಿದೆ ಅಂತ ತಿಳಿಯಲು ತಕ್ಕಡಿ ಸಾಕು. ಮನೆಯ ತೂಕದ ಯಂತ್ರದ ಮೇಲೆ ಬೋರ್ಡು ಹಿಡಿದು ನಿಲ್ಲಿ, ಆಮೇಲೆ ಬರೀ ನಿಮ್ಮ ತೂಕ ಕಳೆಯಿರಿ. ನನ್ನ ಬೋರ್ಡು ಅವತ್ತು 8 ಕಿಲೋ 400 ಗ್ರಾಂ ತೂಗಿತು. ಕೊಂಡಾಗ 7 ಕಿಲೋ 100 ಗ್ರಾಂ ಇತ್ತು. ಹೆಚ್ಚಾದದ್ದು ಸಮುದ್ರದ ನೀರು.

ಬಹಳಷ್ಟು ಬೋರ್ಡುಗಳ ಡೆಕ್ಕಿನಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದು ಗಾಳಿ ಸ್ಕ್ರೂ. ಬೋರ್ಡು ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗಲು ಇದು ದಾರಿ. ಅದನ್ನು ಬಿಚ್ಚಿ, ಬಾಕ್ಸ್ ಇರುವ ಹಿಂಭಾಗ ಕೆಳಗೆ ಬರುವಂತೆ ಬೋರ್ಡನ್ನು ನಿಲ್ಲಿಸಿ. ಬಿರುಕಿನಿಂದ ನೀರು ಇಳಿಯಲಿ. ನೆರಳಿನಲ್ಲಿ, ಫ್ಯಾನಿನ ಗಾಳಿಗೆ. ಬೇಗ ಒಣಗಲಿ ಅಂತ ಉರಿಬಿಸಿಲಿಗೆ ಇಡಬೇಡಿ, ಪದರ ಬಿಡುತ್ತದೆ. ದಿನ ಬಿಟ್ಟು ದಿನ ತೂಕ ನೋಡಿ ಗೋಡೆಯ ಮೇಲೋ ಕ್ಯಾಲೆಂಡರಿನಲ್ಲೋ ಬರೆಯಿರಿ. ಮೊದಲ ವಾರ ತೂಕ ಬೇಗ ಇಳಿಯುತ್ತದೆ, ಆಮೇಲೆ ನಿಧಾನ. ಒಂದು ವಾರ ಪೂರ್ತಿ ತೂಕ ಬದಲಾಗದಿದ್ದರೆ ಒಣಗಿದೆ ಅಂತ ಅರ್ಥ. ನನ್ನದಕ್ಕೆ ಇಪ್ಪತ್ತೇಳು ದಿನ ಬೇಕಾಯಿತು. ಮಳೆಗಾಲದಲ್ಲಾಗಿದ್ದರೆ ಇನ್ನೂ ಎಷ್ಟೋ ದಿನ.

ಒಣಗಿದ ಮೇಲೆ ಎಲ್ಲೆಲ್ಲಿ ಸೋರುತ್ತಿದೆ ಅಂತ ಹುಡುಕಲು ಒಂದು ಸುಲಭ ದಾರಿ ಇದೆ. ಬಾಕ್ಸಿನ ಸುತ್ತ, ಬೋಲ್ಟಿನ ತೂತುಗಳ ಸುತ್ತ ಸೋಪಿನ ನೀರು ಹಚ್ಚಿ. ಗಾಳಿ ಸ್ಕ್ರೂ ತೂತಿಗೆ ಬಾಯಿಂದ ಮೆಲ್ಲಗೆ ಊದಿ. ಬಿರುಕು ಇರುವ ಕಡೆ ಗುಳ್ಳೆ ಏಳುತ್ತದೆ, ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದ ಹಾಗೆ. ಪಂಪು, ಕಂಪ್ರೆಸರ್ ಮಾತ್ರ ಬೇಡ. ಆ ಒತ್ತಡಕ್ಕೆ ಪದರವೇ ಎದ್ದುಬಿಡುತ್ತದೆ. ಪರೀಕ್ಷೆ ಮುಗಿದ ಮೇಲೆ ಸೋಪು ತೊಳೆದು ಮತ್ತೆ ಒಣಗಿಸಿ.

ಯಾವ ಅಂಟು: ಇಲ್ಲಿ ತಪ್ಪಿದರೆ ಬೋರ್ಡೇ ಹೋಗುತ್ತದೆ

ನಮ್ಮ ಕರಾವಳಿಯವರು ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಮಲ್ಪೆ, ಮಂಗಳೂರು ಕಡೆ ಫೈಬರ್ ದೋಣಿ ಕಟ್ಟುವ, ತೇಪೆ ಹಾಕುವ ನುರಿತ ಕೈಗಳಿವೆ. ಬೋರ್ಡನ್ನೂ ಅಲ್ಲಿಗೇ ಒಯ್ಯೋಣ ಅನಿಸುವುದು ಸಹಜ. ಆದರೆ ದೋಣಿಗೆ ಸಾಮಾನ್ಯವಾಗಿ ಬಳಸುವುದು ಪಾಲಿಯೆಸ್ಟರ್ ರಾಳ. ಅದರಲ್ಲಿ ಸ್ಟೈರೀನ್ ಅನ್ನುವ ದ್ರವ ಇರುತ್ತದೆ. ಅದು ಥರ್ಮಾಕೋಲನ್ನು ಕರಗಿಸುತ್ತದೆ. ಥರ್ಮಾಕೋಲಿನ ಮೇಲೆ ಪೆಟ್ರೋಲ್ ಬಿದ್ದರೆ ಹೇಗೆ ಕುಸಿದು ಅಂಟಂಟಾಗುತ್ತದೋ ಹಾಗೆ. ಮೇಲಿನಿಂದ ತೇಪೆ ಚೆಂದ ಕಾಣುತ್ತದೆ, ಒಳಗೆ ಪೊಳ್ಳಾಗಿರುತ್ತದೆ.

ಥರ್ಮಾಕೋಲ್ ಬೋರ್ಡಿಗೆ ಬೇಕಾದದ್ದು ಎಪಾಕ್ಸಿ. ಮನೆಯಲ್ಲಿ ಬಳಸುವ ಅರಾಲ್ಡೈಟ್ ಇದೇ ಕುಟುಂಬದ್ದು: ಒಂದು ಟ್ಯೂಬಿನಲ್ಲಿ ರಾಳ, ಇನ್ನೊಂದರಲ್ಲಿ ಗಟ್ಟಿ ಮಾಡುವ ಹಾರ್ಡ್‌ನರ್. ಬೋರ್ಡಿಗೆ ಬೇಕಿರುವುದು ತೆಳುವಾದ, ಬಟ್ಟೆಗೆ ಹೀರುವಂಥ ಲ್ಯಾಮಿನೇಟಿಂಗ್ ಎಪಾಕ್ಸಿ. ಅನುಮಾನ ಇದ್ದರೆ ಒಂದು ಹನಿ ರಾಳವನ್ನು ಥರ್ಮಾಕೋಲ್ ಚೂರಿನ ಮೇಲೆ ಬಿಟ್ಟು ಹತ್ತು ನಿಮಿಷ ಕಾಯಿರಿ. ಗುಂಡಿ ಬಿದ್ದರೆ ಆ ಡಬ್ಬ ಮುಟ್ಟಬೇಡಿ.

ಬಟ್ಟೆಯೂ ಮುಖ್ಯ. ದೋಣಿಗೆ ಹಾಕುವ ಚೂರು ನಾರಿನ ಮ್ಯಾಟ್ ಇದೆಯಲ್ಲ, ಅದರ ನಾರುಗಳನ್ನು ಹಿಡಿದಿರುವ ಅಂಟು ಕರಗುವುದು ಸ್ಟೈರೀನಿನಲ್ಲಿ. ಎಪಾಕ್ಸಿಯಲ್ಲಿ ಅದು ಸರಿಯಾಗಿ ನೆನೆಯುವುದಿಲ್ಲ. ನೇಯ್ದ ಗಾಜಿನ ಬಟ್ಟೆ ಕೊಳ್ಳಿ. ಚದರ ಮೀಟರಿಗೆ 200 ಗ್ರಾಂ ಆಸುಪಾಸಿನದು ಈ ಕೆಲಸಕ್ಕೆ ಸರಿ.

ಎಪಾಕ್ಸಿಯ ಅಳತೆ ಡಬ್ಬದ ಮೇಲೆ ಬರೆದಿರುತ್ತದೆ. ಅದು ತೂಕದ ಅಳತೆಯೋ, ಪ್ರಮಾಣದ ಅಳತೆಯೋ ನೋಡಿ. ಹಾರ್ಡ್‌ನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅನ್ನುವುದು ತಪ್ಪು, ಮೆತ್ತಗೇ ಉಳಿಯುತ್ತದೆ. ನಮ್ಮ ಸೆಖೆಯಲ್ಲಿ ಕಲಸಿದ ಎಪಾಕ್ಸಿ ಬೇಗ ಬಿಗಿಯುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ಕಲಸಿ. ಕೈಗೆ ನೈಟ್ರೈಲ್ ಗ್ಲೌಸ್, ಉಜ್ಜುವಾಗ ಮೂಗಿಗೆ ಒಳ್ಳೆಯ ಧೂಳಿನ ಮಾಸ್ಕ್. ಹಾರ್ಡ್‌ನರ್ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಬರಬಹುದು, ಬಂದರೆ ಸುಲಭವಾಗಿ ಬಿಡುವುದಿಲ್ಲ.

ಒಂದು ಅಪವಾದ. ಕೆಲವು ಹಳೆ ಬೋರ್ಡುಗಳ ಮೈ ಪಾಲಿಎಥಿಲೀನ್, ಅಂದರೆ ತಾರಸಿ ಮೇಲಿನ ಕಪ್ಪು ನೀರಿನ ಟ್ಯಾಂಕಿನ ಪ್ಲಾಸ್ಟಿಕ್. ಮೇಣ ಹಚ್ಚಿದಂತೆ ನುಣುಪು, ಉಗುರಿಗೆ ಮೆದು. ಇದಕ್ಕೆ ಎಪಾಕ್ಸಿ ಹಿಡಿಯುವುದಿಲ್ಲ, ಸಿಪ್ಪೆಯಂತೆ ಎದ್ದು ಬರುತ್ತದೆ. ಇದನ್ನು ಟ್ಯಾಂಕ್ ರಿಪೇರಿಯವರ ಹಾಗೆ ಅದೇ ಪ್ಲಾಸ್ಟಿಕ್ ಕಡ್ಡಿ ಕಾಯಿಸಿ ಬೆಸೆಯಬೇಕು.

ಬಾಕ್ಸ್ ಗಟ್ಟಿ ಇದ್ದು ಬಿರುಕು ಮಾತ್ರ ಇದ್ದರೆ

ಫಿನ್ ಹಾಕಿ ಅದರ ತುದಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಇನ್ನೊಬ್ಬರು ಬಾಕ್ಸಿನ ಅಂಚಿನ ಮೇಲೆ ಬೆರಳಿಟ್ಟಿರಲಿ. ಬಾಕ್ಸಿಗೂ ಬೋರ್ಡಿಗೂ ನಡುವೆ ಚೂರೂ ಚಲನೆ ಇಲ್ಲದಿದ್ದರೆ ಇದು ಸಣ್ಣ ರಿಪೇರಿ.

ಬಿರುಕಿನ ಸುತ್ತಲಿನ ಬಣ್ಣವನ್ನು 80 ನಂಬರಿನ ಸ್ಯಾಂಡ್ ಪೇಪರಿನಿಂದ ಉಜ್ಜಿ ತೆಗೆಯಿರಿ. ಆಗ ಬಿರುಕು ಎಲ್ಲಿಯವರೆಗೆ ಓಡಿದೆ ಅಂತ ಕಾಣುತ್ತದೆ. ಬಣ್ಣದ ಮೇಲೆ ಕಂಡದ್ದಕ್ಕಿಂತ ಉದ್ದವೇ ಇರುತ್ತದೆ. ಬಿರುಕನ್ನು ಇಂಗ್ಲಿಷಿನ ವಿ ಅಕ್ಷರದ ಆಕಾರಕ್ಕೆ ಸ್ವಲ್ಪ ಅಗಲ ಮಾಡಿ. ಫಿನ್ ಕೂರುವ ಬಾಕ್ಸಿನ ಬಾಯಿಗೆ ಟೇಪ್ ಅಂಟಿಸಿ, ಅದರೊಳಗೆ ಎಪಾಕ್ಸಿ ಹೋಗಬಾರದು.

ಈಗ ಎಪಾಕ್ಸಿ ಕಲಸಿ, ಅದಕ್ಕೆ ಗಾಜಿನ ನಾರಿನ ಪುಡಿ ಮತ್ತು ಸಿಲಿಕಾ ಪುಡಿ ಸೇರಿಸಿ. ಉದ್ದಿನ ವಡೆ ಹಿಟ್ಟಿನ ಹದ ಬರಬೇಕು: ಚಮಚ ತಲೆಕೆಳಗೆ ಮಾಡಿದರೂ ಬೀಳಬಾರದು. ಇದನ್ನು ಬಿರುಕಿಗೆ ಒತ್ತಿ ತುಂಬಿ. ಮೈಕ್ರೋಬಲೂನ್ ಅನ್ನುವ ಹಗುರ ಪುಡಿಯೂ ಸಿಗುತ್ತದೆ, ಉಜ್ಜಲು ಸುಲಭ. ಅದರಲ್ಲಿ ಬಲ ಇಲ್ಲ. ಕೊನೆಯ ನುಣುಪಿಗೆ ಮಾತ್ರ ಬಳಸಿ.

ಮೇಲೆ ಎರಡು ಮೂರು ಪದರ ಗಾಜಿನ ಬಟ್ಟೆ. ಮೊದಲನೆಯದು ಸಣ್ಣದು, ಮುಂದಿನದು ಅದಕ್ಕಿಂತ ದೊಡ್ಡದು, ಕೊನೆಯದು ಬಿರುಕಿನಿಂದ ನಾಲ್ಕೈದು ಸೆಂಟಿಮೀಟರ್ ಆಚೆ ಹೋಗಬೇಕು. ಬಟ್ಟೆ ನೆನೆದಾಗ ಬಿಳಿ ಬಣ್ಣ ಹೋಗಿ ಗಾಜಿನಂತೆ ಆಗುತ್ತದೆ. ಎಲ್ಲಾದರೂ ಬಿಳಿ ಉಳಿದರೆ ಅಲ್ಲಿ ಗಾಳಿ ಇದೆ ಅಂತ ಅರ್ಥ, ಬ್ರಷ್‌ನಿಂದ ಕುಟ್ಟಿ ಹೊರಗೆ ತೆಗೆಯಿರಿ. ಒಂದು ದಿನ ಬಿಟ್ಟು ಉಜ್ಜಬಹುದು. ತೇವದ ಹವೆಯಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಉಜ್ಜುವ ಮುಂಚೆ, ಇನ್ನೊಂದು ಪದರ ಹಾಕುವ ಮುಂಚೆ ಅದನ್ನು ನೀರು ಹಾಕಿ ತಿಕ್ಕಿ ತೊಳೆದು ಒಣಗಿಸಲೇಬೇಕು, ಇಲ್ಲದಿದ್ದರೆ ಮುಂದಿನ ಪದರ ಹಿಡಿಯುವುದಿಲ್ಲ.

ಬಾಕ್ಸೇ ಅಲುಗಾಡಿದರೆ

ಆಗ ಚೌಕಟ್ಟನ್ನೇ ಕಿತ್ತು ಮತ್ತೆ ಕೂರಿಸಬೇಕು. ಕಾರ್ಬನ್ ರೇಸ್ ಬೋರ್ಡು, ಫಾಯಿಲ್ ಬಾಕ್ಸ್ ಆಗಿದ್ದರೆ ಬೋರ್ಡು ರಿಪೇರಿ ಬಲ್ಲವರಿಗೆ ಕೊಡುವುದು ಒಳ್ಳೆಯದು. ಸಾಮಾನ್ಯ ಬೋರ್ಡಾದರೆ, ಮರಗೆಲಸದ ಕೈ ಇದ್ದವರು ಮಾಡಬಹುದು.

ಕತ್ತರಿಸುವ ಮುಂಚೆ ಗುರುತು. ಹಳೆ ಬಾಕ್ಸ್ ಹೋದ ಮೇಲೆ ಅದು ಎಲ್ಲಿತ್ತು ಅಂತ ಹೇಳುವವರು ಯಾರೂ ಇರುವುದಿಲ್ಲ. ಮೂತಿಯಿಂದ ಬಾಲದವರೆಗೆ ಮೇಸ್ತ್ರಿ ಹಿಡಿದ ಹಾಗೆ ದಾರ ಹಿಡಿದು ನಡುಗೆರೆ ಎಳೆಯಿರಿ. ಎರಡೂ ಪಕ್ಕದ ಅಂಚಿನಿಂದ ಮೂರು ನಾಲ್ಕು ಕಡೆ ಅಳೆದು ಖಚಿತ ಮಾಡಿಕೊಳ್ಳಿ. ಬಾಲದ ತುದಿಯಿಂದ ಬಾಕ್ಸಿಗೆ ಎಷ್ಟು ದೂರ ಅಂತ ಬರೆದಿಡಿ. ಹೊಸ ಬಾಕ್ಸ್ ಹಳೆಯದರ ಜಾತಿಯದ್ದೇ ಇರಲಿ.

ಆಮೇಲೆ ರೂಟರ್ ಅನ್ನುವ ಮರ ಕೊರೆಯುವ ಯಂತ್ರದಿಂದ ಬಾಕ್ಸಿನ ಸುತ್ತ ಕತ್ತರಿಸಿ ತೆಗೆಯಿರಿ. ಸುತ್ತಲಿನ ಪುಡಿಯಾದ, ಹಳದಿಯಾದ ಥರ್ಮಾಕೋಲ್ ಎಲ್ಲವನ್ನೂ ಬಿಡಿಸಿ. ನನ್ನದರಲ್ಲಿ ಬಾಕ್ಸಿನ ಮುಂದೆ ಒಂದು ನಿಂಬೆಹಣ್ಣು ಹಿಡಿಯುವಷ್ಟು ಜಾಗದಲ್ಲಿ ಥರ್ಮಾಕೋಲ್ ಹಿಟ್ಟಾಗಿತ್ತು. ಬೋರ್ಡಿನ ಅಡಿಯಿಂದ ನೋಡಿದರೆ ಅಲ್ಲಿ ಒಂದು ಗೆರೆಯೂ ಇರಲಿಲ್ಲ. ಗುಂಡಿ ತೆರೆದ ಮೇಲೆ ಇನ್ನೂ ಕೆಲವು ದಿನ ಒಣಗಲು ಬಿಡಿ.

ಬಾಕ್ಸನ್ನು ನೇರವಾಗಿ ಥರ್ಮಾಕೋಲಿಗೆ ಅಂಟಿಸಬಾರದು. ಅದರ ಸುತ್ತ ಗಟ್ಟಿಯಾದ ಪಿವಿಸಿ ಫೋಮಿನ ತುಂಡು ಬೇಕು. ಗುಂಡಿಯನ್ನು ಆ ತುಂಡಿಗೆ ತಕ್ಕಂತೆ ಅಗಲ ಮಾಡಿ, ತುಂಡಿನ ನಡುವೆ ಬಾಕ್ಸಿಗೆ ಜಾಗ ಕೊರೆಯಿರಿ. ಬಾಕ್ಸಿನ ಸುತ್ತ ಎರಡು ಮೂರು ಮಿಲಿಮೀಟರ್ ಸಂದಿ ಇರಲಿ, ಅಂಟಿಗೆ ಮತ್ತು ಬಟ್ಟೆಗೆ. ಬಾಕ್ಸಿನ ಹೊರಮೈಯನ್ನು ಒರಟಾಗಿ ಉಜ್ಜಿ, ಗಾಜಿನ ಬಟ್ಟೆ ಸುತ್ತಿ. ಬೋಲ್ಟ್ ಡೆಕ್ಕಿನಿಂದ ಬರುವ ಬಾಕ್ಸಾದರೆ ಅದರ ನೆತ್ತಿ ಡೆಕ್ಕಿನ ಪದರಕ್ಕೆ ಗಟ್ಟಿಯಾಗಿ ಸೇರಬೇಕು. ನಡುವೆ ಪೊಳ್ಳು ಬಿಟ್ಟರೆ ಬೋಲ್ಟ್ ಬಿಗಿದಾಗ ಡೆಕ್ ಕುಸಿಯುತ್ತದೆ.

ಫಿನ್ನಿನ ಬುಡಕ್ಕೆ ಕಾರಿನ ಮೇಣ ಚೆನ್ನಾಗಿ ಹಚ್ಚಿ ಬಾಕ್ಸಿಗೆ ಹಾಕಿ. ಬೋಲ್ಟಿಗೂ ಮೇಣ ಬೇಕು. ಈಗ ಫಿನ್ ಬಾಕ್ಸನ್ನು ಹಿಡಿಯುವ ಹಿಡಿಯಾಯಿತು. ಬೋರ್ಡನ್ನು ಮಗುಚಿ ರಸಮಟ್ಟ ಇಟ್ಟು ಸಮ ಮಾಡಿ. ವಡೆ ಹಿಟ್ಟಿನ ಹದದ ಎಪಾಕ್ಸಿ ಗುಂಡಿಯ ಗೋಡೆಗೆ ಹಚ್ಚಿ, ಬಾಕ್ಸ್ ಇಳಿಸಿ. ಮೂಲೆಮಟ್ಟ ಹಿಡಿದು ಫಿನ್ ಬೋರ್ಡಿನ ಅಡಿಗೆ ನೇರ ಲಂಬವಾಗಿ ನಿಂತಿದೆಯಾ, ಅದರ ಹಿಂದಿನ ಮುಂದಿನ ಅಂಚು ನಡುಗೆರೆಯ ಮೇಲಿದೆಯಾ ಅಂತ ನೋಡಿ. ಇಲ್ಲಿ ಎರಡು ಡಿಗ್ರಿ ವಾರೆಯಾದರೂ ಬೋರ್ಡು ಒಂದು ದಿಕ್ಕಿಗೆ ಒಂದು ಥರ, ವಾಪಸ್ ಬರುವಾಗ ಇನ್ನೊಂದು ಥರ ಓಡುತ್ತದೆ. ಫಿನ್ ಕದಲದಂತೆ ಎರಡು ಪಟ್ಟಿಗಳಿಂದ ಕಟ್ಟಿ ಬಿಡಿ.

ಗುಂಡಿಯನ್ನು ಒಂದೇ ಸಲ ಎಪಾಕ್ಸಿಯಿಂದ ತುಂಬಿಸಬೇಡಿ. ಗಟ್ಟಿಯಾಗುವಾಗ ಅದು ಬಿಸಿ ಹುಟ್ಟಿಸುತ್ತದೆ. ತೆಳುವಾಗಿದ್ದರೆ ಬಿಸಿ ಆರಿಹೋಗುತ್ತದೆ. ದಪ್ಪ ರಾಶಿಯಾಗಿದ್ದರೆ ಒಳಗೇ ಏರಿ ಹೊಗೆಯಾಡುವವರೆಗೂ ಹೋಗಬಹುದು. 100 ಡಿಗ್ರಿ ಹತ್ತಿರ ಬಂದರೆ ಥರ್ಮಾಕೋಲ್ ಸುರುಟಿ ಕುಗ್ಗುತ್ತದೆ. ನಾನು ಮೂರು ಸಲಕ್ಕೆ ತುಂಬಿದೆ, ಪ್ರತಿ ಸಲವೂ ಬೆರಳಿಟ್ಟು ನೋಡಿ, ತಣ್ಣಗಾದ ಮೇಲೆ ಮುಂದಿನದು.

ಮಾರನೇ ದಿನ ಫಿನ್ ಬಿಚ್ಚಿ. ಬಾಕ್ಸಿನ ಅಂಚನ್ನು ಬೋರ್ಡಿನ ಅಡಿಗೆ ಸಮ ಉಜ್ಜಿ, ಬಾಯಿಗೆ ಟೇಪ್ ಹಾಕಿ, ಮೇಲೆ ಮೂರು ಪದರ ಬಟ್ಟೆ ಹಾಕಿ. ಬಟ್ಟೆ ಬಾಕ್ಸಿನ ಅಂಚಿನ ಮೇಲೂ ಬರಬೇಕು. ಚೌಕಟ್ಟನ್ನು ಗೋಡೆಗೆ ಕಟ್ಟುವ ಕೊಂಡಿ ಅದೇ. ಗಟ್ಟಿಯಾದ ಮೇಲೆ ಬಾಯಿಯ ಮೇಲಿನದನ್ನು ಕತ್ತರಿಸಿ ತೆರೆಯಿರಿ. ಡೆಕ್ ಕಡೆ ಬೋಲ್ಟಿನ ತೂತುಗಳ ಸುತ್ತಲೂ ಹೀಗೆಯೇ. ಬಣ್ಣ ನಿಮ್ಮಿಷ್ಟ. ಬಿಳಿ ಆದರೆ ಬಿಸಿಲಿಗೆ ಕಡಿಮೆ ಕಾಯುತ್ತದೆ.

ಫಿನ್ ಕೂರಿಸುವಾಗ

ಎಪಾಕ್ಸಿಗೆ ಪೂರ್ತಿ ಬಲ ಬರಲು ಸುಮಾರು ಒಂದು ವಾರ ಬೇಕು. ಅಲ್ಲಿಯವರೆಗೆ ನೀರಿಗೆ ಇಳಿಯಬೇಡಿ.

ಟಟಲ್ ಫಿನ್ ಬೆಣೆಯಂತೆ ಕೂರಬೇಕು ಅಂದೆನಲ್ಲ. ಅದು ಇಳಿಜಾರಿನ ಗೋಡೆಗಳಿಗೆ ಬಿಗಿದು ನಿಲ್ಲಬೇಕು. ಬಾಕ್ಸಿನ ನೆತ್ತಿಗೆ ತಾಗಿ ನಿಂತರೆ ಗೋಡೆಗಳಲ್ಲಿ ಹಿಡಿತ ಇರುವುದಿಲ್ಲ, ಮತ್ತೆ ಕುಟ್ಟಾಟ ಶುರು. ಬುಡಕ್ಕೆ ಪೆನ್ಸಿಲ್ ಪುಡಿ ಸವರಿ ಹಾಕಿ ತೆಗೆಯಿರಿ. ಎಲ್ಲಿ ಉಜ್ಜಿದ ಗುರುತು ಬಿದ್ದಿದೆ ಅಂತ ಕಾಣುತ್ತದೆ. ಜಾಸ್ತಿ ತಾಗುವ ಕಡೆ ಫಿನ್ನನ್ನೇ ಸ್ಯಾಂಡ್ ಪೇಪರಿನಿಂದ ಸ್ವಲ್ಪ ಸ್ವಲ್ಪ ಉಜ್ಜಿ, ಬಾಕ್ಸನ್ನಲ್ಲ. ಸಡಿಲ ಇದ್ದರೆ ಬುಡಕ್ಕೆ ತೆಳುವಾಗಿ ಎಪಾಕ್ಸಿ ಹಚ್ಚಿ, ಗಟ್ಟಿಯಾದ ಮೇಲೆ ಉಜ್ಜಿ ಸರಿಹೊಂದಿಸಿ. ಬೋಲ್ಟನ್ನು ಸಾಮಾನ್ಯ ಸ್ಕ್ರೂಡ್ರೈವರಿನಿಂದ ಕೈಯಲ್ಲೇ ಬಿಗಿಯಿರಿ, ಅಗಲವಾದ ವಾಷರ್ ಇರಲಿ. ಪವರ್ ಟೂಲ್ ಬೇಡ. ಮೊದಲ ಹತ್ತು ನಿಮಿಷ ಓಡಿಸಿ ದಡಕ್ಕೆ ಬಂದು ಮತ್ತೊಮ್ಮೆ ಬಿಗಿತ ನೋಡಿ. ಆಟ ಮುಗಿದ ಮೇಲೆ ಫಿನ್ ಬಿಚ್ಚಿಡಿ, ಬಾಕ್ಸಿನೊಳಗಿನ ಮರಳು ತೊಳೆಯಿರಿ. ಮೊದಲ ನಾಲ್ಕೈದು ಸಲ ಮನೆಗೆ ಬಂದ ಕೂಡಲೇ ತೂಕ ಹಾಕಿ. ನನ್ನ ಕ್ಯಾಲೆಂಡರಿನಲ್ಲಿ ರಿಪೇರಿ ಮುಗಿದ ದಿನದ ಪಕ್ಕ 7 ಕಿಲೋ 300 ಗ್ರಾಂ ಅಂತ ಬರೆದಿದೆ. ಹೊಸ ಫೋಮು, ಅಂಟು, ಬಟ್ಟೆಗೆ 200 ಗ್ರಾಂ ಸೇರಿತು. ಆಮೇಲಿನ ಐದು ಸಾಲಿನಲ್ಲೂ ಅದೇ ಅಂಕಿ.

ಇನ್ನು ಅಳಿವೆಯ ಮರಳು ದಿಣ್ಣೆ. ಅದು ಪ್ರತಿ ಮಳೆಗಾಲದ ನಂತರ ಜಾಗ ಬದಲಿಸುತ್ತದೆ. ಹೋದ ವರ್ಷ ಆಳ ಇದ್ದ ಕಡೆ ಈ ವರ್ಷ ಮೊಣಕಾಲುದ್ದ ನೀರು. ಈಗ ನಾನು ಪಟ ಕಟ್ಟುವ ಮುಂಚೆ ಕೈರಂಪಣಿ ಬಲೆ ಎಳೆಯುವವರ ಹತ್ತಿರ ಹೋಗಿ ನಿಲ್ಲುತ್ತೇನೆ. ದಿಣ್ಣೆ ಎಲ್ಲಿದೆ, ಇಳಿತ ಎಷ್ಟು ಹೊತ್ತಿಗೆ ಅಂತ ಕೇಳುತ್ತೇನೆ. ಅವರು ಕೈ ತೋರಿಸಿದ ಕಡೆಯಿಂದ ಮೂವತ್ತು ಮಾರು ದೂರದಲ್ಲೇ ಬೋರ್ಡು ತಿರುಗಿಸುತ್ತೇನೆ.